ಮಗು ಅಪಾಯದಲ್ಲಿದೆಯೇ? ವೈದ್ಯಕೀಯ ವಿದ್ಯಾರ್ಥಿಗೆ ಮೊದಲು ಕಲಿಸಬೇಕಾದ ಪ್ರಶ್ನೆ

ಮಕ್ಕಳ ತುರ್ತು ವಿಭಾಗಕ್ಕೆ ಪೋಸ್ಟಿಂಗ್ ಮೇಲೆ ಬರುವ ವೈದ್ಯಕೀಯ ವಿದ್ಯಾರ್ಥಿ ಕೆಲವೇ ವಾರಗಳಲ್ಲಿ ಬಹಳಷ್ಟು ಮಕ್ಕಳನ್ನು ನೋಡುತ್ತಾನೆ. ಜ್ವರ, ಕೆಮ್ಮು, ವಾಂತಿ, ಭೇದಿ, ಬಿದ್ದು ತರಚಿದ ಮೊಣಕಾಲು, ಮೂಗಿನ ಹೊಳ್ಳೆಯೊಳಗೆ ಸಿಕ್ಕಿಕೊಂಡ ಮಣಿ. ಇವರಲ್ಲಿ ಬಹುಪಾಲು ಮಕ್ಕಳು ಅದೇ ದಿನ ಮನೆಗೆ ಮರಳುತ್ತಾರೆ. ಜೀವಕ್ಕೇ ಕುತ್ತು ಬಂದಿರುವ ಮಗು ಅಪರೂಪ. ಅಂಥ ಮಗು ಬಂದಾಗ ಹಾಸಿಗೆಯ ಸುತ್ತ ಹಿರಿಯ ವೈದ್ಯರು, ದಾದಿಯರು ನೆರೆಯುತ್ತಾರೆ. ವಿದ್ಯಾರ್ಥಿ ಹಿಂದೆ ಸರಿದು ಗೋಡೆಗೆ ಅಂಟಿ ನಿಲ್ಲುತ್ತಾನೆ. ಅವನಿಗೆ ಕಾಣುವುದು ಬೆನ್ನುಗಳು ಮಾತ್ರ. ಪೋಸ್ಟಿಂಗ್ ಮುಗಿಯುತ್ತದೆ, ಲಾಗ್‌ಬುಕ್ಕಿಗೆ ಸಹಿ ಬೀಳುತ್ತದೆ. ಮುಂದೊಂದು ದಿನ ರಾತ್ರಿ ಪಾಳಿಯಲ್ಲಿ ಅವನೊಬ್ಬನೇ ಇರುವಾಗ ಅಂಥದೇ ಮಗುವನ್ನು ಎತ್ತಿಕೊಂಡು ತಾಯಿ ಓಡಿಬರುತ್ತಾಳೆ.

ಕಲಿತದ್ದಕ್ಕೂ ಮಾಡಬೇಕಾದದ್ದಕ್ಕೂ ನಡುವೆ ಇರುವ ಈ ಅಂತರ ವೈದ್ಯಕೀಯ ಶಿಕ್ಷಣದ ಗಂಭೀರ ಲೋಪ. ಪಠ್ಯಕ್ರಮಕ್ಕೆ ಇನ್ನಷ್ಟು ಕೌಶಲಗಳನ್ನು ಸೇರಿಸುವುದರಿಂದ ಇದು ತುಂಬುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಪಾಯದಲ್ಲಿರುವ ಮಗುವನ್ನು ಗುರುತಿಸುವುದು, ಗುರುತಿಸಿದ್ದನ್ನು ತಡಮಾಡದೆ ಗಟ್ಟಿಯಾಗಿ ಹೇಳುವುದು ಮೊದಲು ಬರಬೇಕು. ಉಳಿದ ಕಲಿಕೆಯೆಲ್ಲ ಇದರ ಮೇಲೆ ನಿಲ್ಲಬೇಕು.

2022ರಲ್ಲಿ ಐದು ವರ್ಷ ತುಂಬುವ ಮೊದಲೇ ತೀರಿಕೊಂಡ ಮಕ್ಕಳ ಸಂಖ್ಯೆ ಜಗತ್ತಿನಾದ್ಯಂತ 49 ಲಕ್ಷ ಎಂದು ವಿಶ್ವಸಂಸ್ಥೆ ಅಂದಾಜಿಸಿದೆ. ಅವರಲ್ಲಿ 23 ಲಕ್ಷ ಶಿಶುಗಳು ಹುಟ್ಟಿದ ಮೊದಲ ತಿಂಗಳನ್ನೂ ದಾಟಲಿಲ್ಲ. ಉಳಿದವರನ್ನು ಬಲಿ ತೆಗೆದುಕೊಂಡ ಕಾಯಿಲೆಗಳಲ್ಲಿ ನ್ಯುಮೋನಿಯಾ, ಭೇದಿ, ಮಲೇರಿಯಾ ಮುಂಚೂಣಿಯಲ್ಲಿವೆ. ಈ ಕಾಯಿಲೆಗಳಿಗೆ ಔಷಧಿ ಇದೆ. ಮಗುವನ್ನು ಹೊತ್ತಿಗೆ ಸರಿಯಾಗಿ ಗುರುತಿಸುವ ಕಣ್ಣು ಬೇಕು. ಕಾಯಿಲೆ ಬಿದ್ದ ಮಗು ಮೊದಲು ತಲುಪುವುದು ಬಹುತೇಕ ಸಲ ಮಕ್ಕಳ ತಜ್ಞರ ಬಳಿಗೂ ಅಲ್ಲ, ಹತ್ತಿರದಲ್ಲಿರುವ ಸಾಮಾನ್ಯ ವೈದ್ಯರ ಬಳಿಗೆ. ಆದ್ದರಿಂದ ಮುಂದೆ ಮೂಳೆತಜ್ಞನೋ ಚರ್ಮತಜ್ಞೆಯೋ ಆಗಲಿರುವ ವಿದ್ಯಾರ್ಥಿಗೂ ಈ ವಿದ್ಯೆ ಬೇಕೇ ಬೇಕು.

ಪುಟ್ಟ ದೇಹದ ಲೆಕ್ಕ

ಮಗು ಎಂದರೆ ಚಿಕ್ಕ ಗಾತ್ರದ ವಯಸ್ಕ ಮನುಷ್ಯ ಅಲ್ಲ ಎಂಬ ಮಾತನ್ನು ಪ್ರತಿ ವಿದ್ಯಾರ್ಥಿಯೂ ಮೊದಲ ತರಗತಿಯಲ್ಲೇ ಬರೆದುಕೊಳ್ಳುತ್ತಾನೆ. ಲೆಕ್ಕ ಹಾಕಿ ನೋಡಿದಾಗ ಮಾತ್ರ ಅದು ಮನಸ್ಸಿಗೆ ನಾಟುತ್ತದೆ. ಹಸುಗೂಸಿನ ಉಸಿರಿನ ದಾರಿಯ ತೀರಾ ಕಿರಿದಾದ ಜಾಗದ ವ್ಯಾಸ 4 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಸೋಂಕಿನಿಂದ ಅದರ ಒಳಪದರ ಸುತ್ತಲೂ 1 ಮಿಲಿಮೀಟರ್ ಊದಿಕೊಂಡರೆ ಉಳಿಯುವುದು 2 ಮಿಲಿಮೀಟರ್. ನಳಿಕೆಯ ತ್ರಿಜ್ಯ ಅರ್ಧಕ್ಕಿಳಿದರೆ ಅದರೊಳಗಿನ ಹರಿವಿಗೆ ಎದುರಾಗುವ ತಡೆ 16 ಪಟ್ಟು ಏರುತ್ತದೆ ಎಂದು ಪ್ವಾಸೇಯ ನಿಯಮ ಹೇಳುತ್ತದೆ. ಇಷ್ಟೇ ಊತ 8 ಮಿಲಿಮೀಟರ್ ವ್ಯಾಸದ ವಯಸ್ಕರ ದಾರಿಯಲ್ಲಿ ಕಾಣಿಸಿಕೊಂಡರೆ ತಡೆ ಸುಮಾರು ಮೂರು ಪಟ್ಟು ಮಾತ್ರ ಹೆಚ್ಚುತ್ತದೆ. ದೊಡ್ಡವರಲ್ಲಿ ಗಂಟಲು ಕಟ್ಟಿ ದನಿ ಒಡೆಯುವಷ್ಟಕ್ಕೆ ನಿಲ್ಲುವ ಸೋಂಕು ಹಸುಗೂಸಿನಲ್ಲಿ ಉಸಿರಿಗೇ ಸಂಚಕಾರ ತರುವುದು ಈ ಕಾರಣಕ್ಕೆ.

ರಕ್ತದ ಲೆಕ್ಕವೂ ಹೀಗೆಯೇ. ಶಿಶುವಿನ ದೇಹದಲ್ಲಿರುವುದು ಪ್ರತಿ ಕಿಲೋಗ್ರಾಂ ತೂಕಕ್ಕೆ ಸುಮಾರು 80 ಮಿಲಿಲೀಟರ್ ರಕ್ತ. ಐದು ಕಿಲೋ ತೂಗುವ ಮಗುವಿಗೆ ಒಟ್ಟು 400 ಮಿಲಿಲೀಟರ್. ವಾಂತಿ, ಭೇದಿಯಿಂದ ನೀರು ಕಳೆದುಕೊಂಡ ಮಗುವಿನ ಹೃದಯ ಬಡಿತ ಏರುತ್ತದೆ, ಕೈಕಾಲಿನ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಈ ಹೋರಾಟದಿಂದಾಗಿ ರಕ್ತದೊತ್ತಡ ಬಹಳ ಹೊತ್ತು ಕುಸಿಯದೆ ನಿಲ್ಲುತ್ತದೆ. ಒಂದರಿಂದ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಮೇಲಿನ ಒತ್ತಡದ ಕನಿಷ್ಠ ಮಿತಿಯನ್ನು ತಿಳಿಯಲು 70ಕ್ಕೆ ವಯಸ್ಸಿನ ಎರಡರಷ್ಟನ್ನು ಕೂಡಿಸುವ ಸೂತ್ರವಿದೆ. ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಬಾಯಿಪಾಠ ಮಾಡಿರುತ್ತಾರೆ. ಒತ್ತಡ ಆ ಮಿತಿಗಿಂತ ಕೆಳಗಿಳಿಯುವಷ್ಟರಲ್ಲಿ ಮಗುವಿನ ಶಕ್ತಿಯೆಲ್ಲ ಸೋರಿಹೋಗಿರುತ್ತದೆ ಎಂಬುದನ್ನು ಮಾತ್ರ ಅವರಿಗೆ ಅಷ್ಟೇ ಒತ್ತುಕೊಟ್ಟು ಯಾರೂ ಹೇಳಿರುವುದಿಲ್ಲ.

ವಯಸ್ಕರ ಹೃದಯ ಹಠಾತ್ತನೆ ನಿಂತಾಗ ಅನೇಕ ಸಲ ದೋಷ ಹೃದಯದ್ದೇ ಆಗಿರುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಉಸಿರಾಟ ಸೋತು ಅಥವಾ ರಕ್ತಸಂಚಾರ ಕುಸಿದು, ಆಮೇಲೆ ಹೃದಯ ನಿಲ್ಲುತ್ತದೆ. ಅಂದರೆ ನಿಮಿಷಗಳ, ಕೆಲವೊಮ್ಮೆ ಗಂಟೆಗಳ ಮುನ್ಸೂಚನೆ ಇರುತ್ತದೆ. ಆ ಅವಧಿಯಲ್ಲಿ ಮಗುವಿನ ಪಕ್ಕದಲ್ಲಿ ಇರುವವರಿಗೆ ಏನು ಕಾಣುತ್ತದೆ ಎಂಬುದರ ಮೇಲೆ ಮಗುವಿನ ಭವಿಷ್ಯ ನಿಂತಿದೆ.

ಎಂಟು ತಿಂಗಳ ಮಗುವೊಂದು ಬ್ರಾಂಕಿಯೊಲೈಟಿಸ್, ಅಂದರೆ ಶ್ವಾಸಕೋಶದ ಸಣ್ಣ ನಳಿಕೆಗಳ ಸೋಂಕು, ಆಗಿ ಬಂದಿದೆ ಎನ್ನಿ. ನಿಮಿಷಕ್ಕೆ 64 ಸಲ ಉಸಿರಾಡುತ್ತಿದೆ. ಮೂಗಿನ ಹೊಳ್ಳೆಗಳು ಅರಳಿ ಮುಚ್ಚುತ್ತಿವೆ, ಪ್ರತಿ ಉಸಿರಿಗೂ ಪಕ್ಕೆಲುಬುಗಳ ಕೆಳಗೆ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿದೆ. ಮುಟ್ಟಿದರೆ ಅಳುತ್ತದೆ, ತಾಯಿಯ ಕತ್ತು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಂದೆರಡು ಗಂಟೆ ಕಳೆದು ವಿದ್ಯಾರ್ಥಿ ಮತ್ತೆ ಎಣಿಸಿದಾಗ ಉಸಿರು 30ಕ್ಕೆ ಇಳಿದಿದೆ, ಅಳು ನಿಂತಿದೆ. ‘ಈಗ ಪರವಾಗಿಲ್ಲ’ ಎಂದು ಅವನು ಕೇಸ್ ಷೀಟಿನಲ್ಲಿ ಬರೆಯುತ್ತಾನೆ. ಆ ವಯಸ್ಸಿಗೆ 30 ಒಳ್ಳೆಯ ಅಂಕಿಯೇ. ಆದರೆ ಉಸಿರು ಎಳೆದಂತೆಲ್ಲ ಮಗುವಿನ ತಲೆ ಮೇಲೆ ಕೆಳಗೆ ತೂಗುತ್ತಿದೆ. ಕಣ್ಣು ತೆರೆದಿದ್ದರೂ ಎದುರಿಗೆ ಬಂದವರನ್ನು ಹಿಂಬಾಲಿಸುತ್ತಿಲ್ಲ. ಕತ್ತು ಹಿಡಿದಿದ್ದ ಕೈ ಸಡಿಲವಾಗಿ ಜೋತುಬಿದ್ದಿದೆ. ಸ್ಟೆತಾಸ್ಕೋಪ್ ಇಟ್ಟರೆ ಎದೆಯೊಳಗೆ ಗಾಳಿಯ ಸದ್ದು ಮೊದಲಿಗಿಂತ ಕಡಿಮೆಯಾಗಿದೆ. ಮಗು ಚೇತರಿಸಿಕೊಂಡಿಲ್ಲ, ಸೋತುಹೋಗಿದೆ. ಅಂಕಿಯನ್ನು ಮಾತ್ರ ಕಲಿತವನು ಇಲ್ಲಿ ಮೋಸ ಹೋಗುತ್ತಾನೆ.

ನೋಡುವುದನ್ನು ಕಲಿಸಬಹುದು

‘ಕಾಯಿಲೆ ಮಗುವನ್ನು ಗುರುತಿಸುವುದು ಅನುಭವದಿಂದ ತಾನಾಗಿ ಬರುತ್ತದೆ’ ಎಂದು ಅನೇಕ ಹಿರಿಯರು ಹೇಳುವುದುಂಟು. ನನಗೆ ಇದು ಒಪ್ಪಿಗೆಯಾಗದ ಮಾತು. ಅನುಭವಸ್ಥ ದಾದಿ ಬಾಗಿಲಲ್ಲಿ ನಿಂತು ಮಗುವಿನ ಮೇಲೆ ಕಣ್ಣು ಹಾಯಿಸಿ ಏನನ್ನು ಗಮನಿಸುತ್ತಾಳೆ ಎಂಬುದನ್ನು ಬಿಡಿಸಿ ಹೇಳಲು ಸಾಧ್ಯ. ಅಮೆರಿಕದಲ್ಲಿ 2000ದ ಹೊತ್ತಿಗೆ ರೂಪುಗೊಂಡ ಮಕ್ಕಳ ಪರಿಶೀಲನೆಯ ತ್ರಿಕೋನ ಇದನ್ನೇ ಮಾಡುತ್ತದೆ. ಮಗುವನ್ನು ಮುಟ್ಟದೆ, ಉಪಕರಣವಿಲ್ಲದೆ, ಅರ್ಧ ನಿಮಿಷದೊಳಗೆ ಮಗುವಿನ ಒಟ್ಟು ಚಹರೆ, ಉಸಿರಾಟಕ್ಕೆ ಅದು ಪಡುತ್ತಿರುವ ಶ್ರಮ, ಚರ್ಮದ ಬಣ್ಣ ಇವನ್ನು ನೋಡಬೇಕು. ಚಹರೆ ಎಂದಾಗ ಕೈಕಾಲುಗಳಲ್ಲಿ ಬಿಗಿ ಇದೆಯೇ, ಸುತ್ತಲಿನದನ್ನು ಗಮನಿಸುತ್ತಿದೆಯೇ, ಅಪ್ಪಿಕೊಂಡರೆ ಸಮಾಧಾನಗೊಳ್ಳುತ್ತದೆಯೇ, ದೃಷ್ಟಿ ನಿಲ್ಲುತ್ತಿದೆಯೇ, ಅಳುವಿನಲ್ಲಿ ಕಸುವಿದೆಯೇ ಎಂಬುದೆಲ್ಲ ಸೇರುತ್ತದೆ. ಮೇಲೆ ಹೇಳಿದ ಮಗುವಿನ ಉಸಿರಿನ ಅಂಕಿ ಸರಿಯಾಗಿದ್ದರೂ ಚಹರೆ ಅಪಾಯವನ್ನು ಸಾರಿ ಹೇಳುತ್ತಿತ್ತು.

ಇದರೊಂದಿಗೆ, ನಾವು ಬಹುತೇಕ ಮರೆತೇಬಿಟ್ಟಿರುವ ಒಂದು ಅಭ್ಯಾಸವಿದೆ: ಆರೋಗ್ಯವಂತ ಮಕ್ಕಳನ್ನು ನೋಡುವುದು. ಸಹಜವಾದದ್ದು ಕಣ್ಣಿಗೆ ರೂಢಿಯಾಗದೆ ಅಸಹಜವಾದದ್ದು ಎದ್ದು ಕಾಣುವುದಿಲ್ಲ. ಆಕ್ಸ್‌ಫರ್ಡಿನ ಸುಸಾನಾ ಫ್ಲೆಮಿಂಗ್ ಮತ್ತು ಸಂಗಡಿಗರು 69 ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಹುಟ್ಟಿದಾಗ ನಿಮಿಷಕ್ಕೆ 44ರ ಆಸುಪಾಸಿನಲ್ಲಿರುವ ಉಸಿರಾಟ ಎರಡು ವರ್ಷಕ್ಕೆ 26ಕ್ಕೆ ಇಳಿಯುತ್ತದೆ. ಹೃದಯ ಬಡಿತ ಒಂದು ತಿಂಗಳ ವಯಸ್ಸಿನಲ್ಲಿ 145ರಷ್ಟಿದ್ದು ಎರಡು ವರ್ಷಕ್ಕೆ 113 ಆಗುತ್ತದೆ. ವೈದ್ಯರು ಬಹುಕಾಲದಿಂದ ನೆಚ್ಚಿಕೊಂಡಿದ್ದ ಹಲವು ಕೋಷ್ಟಕಗಳು ಈ ವಾಸ್ತವಕ್ಕೆ ಹೊಂದುತ್ತಿರಲಿಲ್ಲ ಎಂಬುದೂ ಅದೇ ಅಧ್ಯಯನದಿಂದ ಹೊರಬಿತ್ತು. ಮುದ್ರಿತ ಕೋಷ್ಟಕಗಳೇ ಹೀಗಿರುವಾಗ ಅವನ್ನು ಕಂಠಪಾಠ ಮಾಡಿಸುವುದರಿಂದ ಏನು ಬಂತು?

ವಿದ್ಯಾರ್ಥಿನಿಯ ಕೈಗೆ ಸೆಕೆಂಡಿನ ಮುಳ್ಳಿರುವ ಗಡಿಯಾರ ಕೊಟ್ಟು ಲಸಿಕೆ ಹಾಕುವ ಕೊಠಡಿಗೆ ಕಳುಹಿಸಬೇಕು. ನಿದ್ರಿಸುವ ಮಗು, ಹಾಲು ಕುಡಿಯುವ ಮಗು, ಅತ್ತು ಸುಸ್ತಾದ ಮಗು, ಆಡುವ ಮಗು, ಹೀಗೆ ಒಂದೊಂದರ ಉಸಿರನ್ನೂ ಪೂರ್ತಿ ಒಂದು ನಿಮಿಷ ಎಣಿಸಿ ಬರೆಯಲಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿ ಇಲ್ಲಿ ಕೂಡದು. ಶಿಶುಗಳ ಉಸಿರಿಗೆ ಒಂದೇ ಲಯವಿಲ್ಲ, ನಡುನಡುವೆ ತಡೆದು ಮತ್ತೆ ವೇಗ ಪಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಎರಡು ತಿಂಗಳಿಗಿಂತ ಚಿಕ್ಕ ಮಗುವಿಗೆ 60, ಒಂದು ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನ ಮಗುವಿಗೆ 40 ಎಂಬ ಮಿತಿಗಳನ್ನು ಹೇಳಿ, ಅಷ್ಟನ್ನು ಮುಟ್ಟಿದರೆ ಉಸಿರಾಟ ವೇಗವಾಗಿದೆ ಎಂದು ತಿಳಿಯಬೇಕೆನ್ನುತ್ತದೆ. ಗಡಿಯಾರ ಹಿಡಿದು ಎಣಿಸಿ ಕೂತವಳಿಗೆ ಈ ಮೂರು ಅಂಕಿಗಳು ಪರೀಕ್ಷೆಯ ಮರುದಿನ ಮರೆತುಹೋಗುವುದಿಲ್ಲ.

ಗುರುತಿಸುವಿಕೆಯೊಂದರಿಂದಲೇ ಎಷ್ಟು ವ್ಯತ್ಯಾಸವಾಗಬಹುದು ಎಂಬುದಕ್ಕೆ ಆಫ್ರಿಕಾದ ಮಲಾವಿ ದೇಶ ಒಳ್ಳೆಯ ಉದಾಹರಣೆ. ಬ್ಲಾಂಟೈರ್ ನಗರದ ಕ್ವೀನ್ ಎಲಿಜಬೆತ್ ಕೇಂದ್ರ ಆಸ್ಪತ್ರೆಯಲ್ಲಿ ಎಲಿಜಬೆತ್ ಮಾಲಿನ್ಯೂ ಮತ್ತು ಸಂಗಡಿಗರು ಮಕ್ಕಳ ವಿಭಾಗದ ಸರತಿಯ ಕ್ರಮವನ್ನೇ ಬದಲಿಸಿದರು. ಬಂದ ಕೂಡಲೇ ಮಕ್ಕಳನ್ನು ತುರ್ತು, ಆದ್ಯತೆ, ಕಾಯಬಲ್ಲವರು ಎಂದು ವಿಂಗಡಿಸುವ ತರಬೇತಿಯನ್ನು ಸಿಬ್ಬಂದಿಗೆ ಕೊಟ್ಟರು, ಹೊರರೋಗಿ ವಿಭಾಗದಲ್ಲೇ ತುರ್ತು ಚಿಕಿತ್ಸೆಗೆ ಜಾಗ ಮಾಡಿದರು. ದಾಖಲಾದ ಮಕ್ಕಳಲ್ಲಿ ಶೇಕಡಾ 10ರಿಂದ 18ರಷ್ಟಿದ್ದ ಸಾವು ಶೇಕಡಾ 6ರಿಂದ 8ಕ್ಕೆ ಇಳಿಯಿತು ಎಂದು 2006ರಲ್ಲಿ ಅವರು ವರದಿ ಮಾಡಿದರು. ದುಬಾರಿ ಯಂತ್ರಗಳಿಂದ ಬಂದ ಫಲ ಇದಲ್ಲ. ಮಕ್ಕಳ ತುರ್ತು ವಿಂಗಡಣೆ, ಪರಿಶೀಲನೆ ಮತ್ತು ಚಿಕಿತ್ಸೆಯನ್ನು ಕಲಿಸುವ ವಿಶ್ವ ಆರೋಗ್ಯ ಸಂಸ್ಥೆಯ ‘ಇಟ್ಯಾಟ್’ ತರಬೇತಿ ಇದೇ ದಾರಿಯದು. ಕೆಲವೇ ದಿನಗಳಲ್ಲಿ ಕಲಿಸಬಹುದಾದ ಇಂಥ ಪಾಠ ಪ್ರತಿ ವೈದ್ಯಕೀಯ ಕಾಲೇಜಿನಲ್ಲೂ ಪೋಸ್ಟಿಂಗಿನ ಮೊದಲ ವಾರದಲ್ಲೇ ಏಕೆ ಇರಬಾರದು ಎಂಬುದಕ್ಕೆ ನನಗಂತೂ ಸಮರ್ಪಕ ಉತ್ತರ ಸಿಕ್ಕಿಲ್ಲ.

ಕೈಗೆ ಯಾವ ಕೆಲಸ?

ವಿದ್ಯಾರ್ಥಿಗಳಿಗೆ ಶ್ವಾಸನಾಳಕ್ಕೆ ಕೊಳವೆ ಇಳಿಸುವುದನ್ನು ಕಲಿಯುವ ಆಸೆ ಇರುತ್ತದೆ. ಅದು ಸಹಜ, ನೋಡುವವರಿಗೆ ವೈದ್ಯವೃತ್ತಿಯ ಶೌರ್ಯವೆಲ್ಲ ಅಲ್ಲಿದ್ದಂತೆ ಕಾಣುತ್ತದೆ. ಆದರೆ ಅವರ ಸಮಯವನ್ನು ಬ್ಯಾಗ್ ಮತ್ತು ಮಾಸ್ಕ್, ಅಂದರೆ ಮುಖಕ್ಕೆ ಒತ್ತಿಹಿಡಿಯುವ ಮುಸುಕು ಮತ್ತು ಕೈಯಿಂದ ಹಿಂಡುವ ಗಾಳಿಚೀಲ, ಹಿಡಿದು ಉಸಿರು ಕೊಡುವುದಕ್ಕೆ ಮೀಸಲಿಡುವುದು ಹೆಚ್ಚು ಸರಿ. ಕ್ಯಾಲಿಫೋರ್ನಿಯಾದಲ್ಲಿ 12 ವರ್ಷದೊಳಗಿನ 830 ಮಕ್ಕಳನ್ನು ಒಳಗೊಂಡು ನಡೆದ ಪ್ರಯೋಗವೊಂದರ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಆಸ್ಪತ್ರೆ ತಲುಪುವ ಮೊದಲು ಆಂಬುಲೆನ್ಸ್ ಸಿಬ್ಬಂದಿ ಕೊಳವೆ ಇಳಿಸಿದ್ದರಿಂದ ಮಕ್ಕಳ ಬದುಕುಳಿಯುವ ಪ್ರಮಾಣ ಹೆಚ್ಚಲಿಲ್ಲ. ಬ್ಯಾಗ್ ಮತ್ತು ಮಾಸ್ಕ್ ಯಾವ ರೀತಿಯಲ್ಲೂ ಹಿಂದೆ ಬೀಳಲಿಲ್ಲ.

ಸುಲಭವಾಗಿ ಕಾಣುವ ಈ ಕೆಲಸಕ್ಕೂ ಗುರುವಿನ ಕೈ ಜೊತೆಗಿರಬೇಕು. ಶಿಶುವಿನ ಹಿಂದಲೆ ದೊಡ್ಡದು. ಸಮತಟ್ಟಾಗಿ ಮಲಗಿಸಿದರೆ ಕತ್ತು ಮುಂದಕ್ಕೆ ಬಾಗಿ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಹೆಗಲಿನ ಅಡಿಗೆ ಬಟ್ಟೆ ಮಡಿಸಿಟ್ಟರೆ ದಾರಿ ನೇರವಾಗುತ್ತದೆ. ಹೆಬ್ಬೆರಳು, ತೋರುಬೆರಳು ಮಾಸ್ಕನ್ನು ಬಳಸಿ ಹಿಡಿಯಬೇಕು, ಉಳಿದ ಬೆರಳುಗಳು ದವಡೆಯ ಎಲುಬಿನ ಮೇಲೇ ಇರಬೇಕು. ಗದ್ದದ ಕೆಳಗಿನ ಮೆತ್ತನೆಯ ಜಾಗವನ್ನು ಬೆರಳು ಒತ್ತಿದರೆ ನಾಲಿಗೆ ಮೇಲೆದ್ದು ದಾರಿ ಮುಚ್ಚುತ್ತದೆ. ಎದೆ ಮೇಲೇಳುವುದು ಕಂಡ ಕೂಡಲೇ ಬ್ಯಾಗ್ ಹಿಂಡುವುದನ್ನು ನಿಲ್ಲಿಸಬೇಕು; ಗಾಬರಿಯಲ್ಲಿ ಜೋರಾಗಿ ಹಿಂಡಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಬೆರಳು ಎಲ್ಲಿ ತಪ್ಪಿತು ಎಂದು ಪಕ್ಕದಲ್ಲಿ ನಿಂತವರು ಅಲ್ಲಿಯೇ, ಆಗಲೇ ತಿದ್ದಿದರೆ ಮಾತ್ರ ಇದು ಬರುವ ವಿದ್ಯೆ.

ಔಷಧಿಯ ಪ್ರಮಾಣದಲ್ಲಿ ಎಚ್ಚರ ತಪ್ಪಿದರೆ ಆಗುವ ಅನಾಹುತ ಇನ್ನೂ ದೊಡ್ಡದು. ಅಡ್ರಿನಲಿನ್ನನ್ನೇ ತೆಗೆದುಕೊಳ್ಳಿ. ಹೃದಯ ನಿಂತಾಗಲೂ, ತೀವ್ರ ಅಲರ್ಜಿಯಾದಾಗಲೂ ಮಗುವಿಗೆ ಕೊಡಬೇಕಾದ ಪ್ರಮಾಣ ಒಂದೇ, ಕಿಲೋಗ್ರಾಂ ತೂಕಕ್ಕೆ 0.01 ಮಿಲಿಗ್ರಾಂ. ಆದರೆ ಮೊದಲನೆಯದಕ್ಕೆ ಬಳಸುವುದು ಮಿಲಿಲೀಟರಿಗೆ 0.1 ಮಿಲಿಗ್ರಾಂ ಇರುವ ತಿಳಿ ದ್ರಾವಣ, ಕೊಡುವುದು ರಕ್ತನಾಳಕ್ಕೆ. ಎರಡನೆಯದಕ್ಕೆ ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ಗಟ್ಟಿ ದ್ರಾವಣ, ತೊಡೆಯ ಸ್ನಾಯುವಿಗೆ. ಹತ್ತು ಕಿಲೋ ಮಗುವಿಗೆ ಒಂದರಲ್ಲಿ 1 ಮಿಲಿಲೀಟರ್, ಇನ್ನೊಂದರಲ್ಲಿ 0.1 ಮಿಲಿಲೀಟರ್. ಸೀಸೆ ಅದಲುಬದಲಾದರೆ ಹತ್ತು ಪಟ್ಟು ವ್ಯತ್ಯಾಸ. ಇಂಥ ತಪ್ಪು ಬುದ್ಧಿ ಕಡಿಮೆಯಿದ್ದವರಿಂದ ಆಗುವುದಲ್ಲ, ಒತ್ತಡದಲ್ಲಿ ಮನಸ್ಸಿನಲ್ಲೇ ಭಾಗಾಕಾರ ಮಾಡಲು ಹೊರಟ ಯಾರಿಂದಲೂ ಆಗುವುದು. ಅಮೆರಿಕದ ವೈದ್ಯ ಜೇಮ್ಸ್ ಬ್ರೋಸ್ಲೋ 1980ರ ದಶಕದಲ್ಲಿ ರೂಪಿಸಿದ ಬಣ್ಣದ ಪಟ್ಟಿ ಮಗುವಿನ ಉದ್ದವನ್ನು ಅಳೆದು ತೂಕವನ್ನೂ ಔಷಧಿಯ ಪ್ರಮಾಣವನ್ನೂ ತೋರಿಸುತ್ತದೆ. ಲೆಕ್ಕವನ್ನು ನೆನಪಿಗೆ ಬಿಡಬಾರದು, ಕಾಗದದ ಮೇಲೆ ಬರೆದು ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು ಎಂಬುದನ್ನು ವಿದ್ಯಾರ್ಥಿದೆಸೆಯಲ್ಲೇ ರೂಢಿ ಮಾಡಿಸಬೇಕು. ಪರೀಕ್ಷೆಯಲ್ಲಿ ಕೋಷ್ಟಕ ನೋಡಲು ಬಿಡದ ನಮ್ಮ ಪದ್ಧತಿ ಇದಕ್ಕೆ ನೇರ ವಿರುದ್ಧವಾದ ಗುಣವನ್ನು ಬೆಳೆಸುತ್ತಿದೆ.

ಅನುಭವ ತಪ್ಪು ಪಾಠವನ್ನೂ ಕಲಿಸುತ್ತದೆ

‘ಒಂದು ನೋಡು, ಒಂದು ಮಾಡು, ಒಂದು ಕಲಿಸು’ ಎಂಬುದು ವೈದ್ಯರಲ್ಲಿ ತಲೆಮಾರುಗಳಿಂದ ನಡೆದುಬಂದ ಮಾತು. ಕಣ್ಣಾರೆ ಕಂಡದ್ದು ಸುಳ್ಳಾಗದು ಎಂಬ ನಂಬಿಕೆ ಅದರ ಹಿಂದಿದೆ. ಈ ನಂಬಿಕೆಯನ್ನು ಅಲುಗಾಡಿಸಿದ್ದು ಉಗಾಂಡ, ಕೀನ್ಯಾ ಮತ್ತು ತಾಂಜಾನಿಯಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ‘ಫೀಸ್ಟ್’ ಅಧ್ಯಯನ. ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದ 3,141 ಮಕ್ಕಳು ಅದರ ಮುಖ್ಯ ಭಾಗದಲ್ಲಿದ್ದರು. ಅಂಥ ಮಕ್ಕಳಿಗೆ ರಕ್ತನಾಳದ ಮೂಲಕ ದ್ರವವನ್ನು ವೇಗವಾಗಿ ಹರಿಸುವುದು ಎಲ್ಲೆಡೆ ಒಪ್ಪಿತ ಕ್ರಮವಾಗಿತ್ತು. ಫಲಿತಾಂಶ ಬೇರೆಯೇ ಬಂತು. ವೇಗವಾಗಿ ದ್ರವ ಪಡೆದ ಎರಡು ಗುಂಪುಗಳಲ್ಲಿ 48 ಗಂಟೆಯೊಳಗೆ ಶೇಕಡಾ 10.6 ಮತ್ತು 10.5ರಷ್ಟು ಮಕ್ಕಳು ತೀರಿಕೊಂಡರೆ, ಪಡೆಯದ ಗುಂಪಿನಲ್ಲಿ ಸಾವಿನ ಪ್ರಮಾಣ ಶೇಕಡಾ 7.3.

ಈ ಅಧ್ಯಯನವನ್ನು ಎಲ್ಲ ಕಡೆಗೂ ಹಾಗೆಯೇ ಅನ್ವಯಿಸಲಾಗದು. ಅಲ್ಲಿ ತೀವ್ರ ನಿಗಾ ಘಟಕಗಳಿರಲಿಲ್ಲ, ಭೇದಿಯಿಂದ ನೀರು ಕಳೆದುಕೊಂಡ ಮಕ್ಕಳನ್ನು ಅದರಲ್ಲಿ ಸೇರಿಸಿರಲಿಲ್ಲ. ಶಿಕ್ಷಣದ ದೃಷ್ಟಿಯಿಂದ ನನ್ನನ್ನು ಕಾಡುವುದು ಅದರ ಇನ್ನೊಂದು ಅಂಶ. ವೇಗವಾಗಿ ದ್ರವ ಪಡೆದ ಮಕ್ಕಳಲ್ಲಿ ಮೊದಲ ಒಂದು ಗಂಟೆಯೊಳಗೆ ರಕ್ತಸಂಚಾರ ಕುಗ್ಗಿದ ಲಕ್ಷಣಗಳು ಹೆಚ್ಚು ಮಕ್ಕಳಲ್ಲಿ ಮಾಯವಾಗಿದ್ದವು. ಹಾಸಿಗೆಯ ಪಕ್ಕ ನಿಂತ ವಿದ್ಯಾರ್ಥಿ ದ್ರವ ಹರಿಯುವುದನ್ನು ನೋಡುತ್ತಾನೆ, ತಣ್ಣಗಿದ್ದ ಕೈ ಬೆಚ್ಚಗಾಗುವುದನ್ನು ಮುಟ್ಟಿ ತಿಳಿಯುತ್ತಾನೆ, ಪಾಳಿ ಮುಗಿಸಿ ಹೊರಡುತ್ತಾನೆ. ಆಮೇಲೆ ಮಗುವಿಗೆ ಏನಾಯಿತು ಎಂಬುದು ಅವನಿಗೆ ತಿಳಿಯುವುದೇ ಇಲ್ಲ. ಅವನ ಅನುಭವದ ಖಾತೆಯಲ್ಲಿ ಅದು ಗೆಲುವು.

ಆದ್ದರಿಂದ ತುರ್ತು ವಿಭಾಗದಲ್ಲಿ ಕಲಿಯುವವರಿಗೆ ಮಕ್ಕಳ ಮುಂದಿನ ಕಥೆ ತಿಳಿಯುವ ವ್ಯವಸ್ಥೆ ಇರಲೇಬೇಕು. ತಾನು ನೋಡಿದ ಮಕ್ಕಳ ಪಟ್ಟಿ ಇಟ್ಟುಕೊಂಡು ಎರಡನೆಯ ದಿನ ವಾರ್ಡಿಗೆ ಹೋಗಿ ನೋಡಿಬರುವುದನ್ನು ವಿದ್ಯಾರ್ಥಿಯ ಕರ್ತವ್ಯವನ್ನಾಗಿ ಮಾಡಬೇಕು. ಇದಕ್ಕೆ ಹಣ ಬೇಕಿಲ್ಲ. ಮನೆಗೆ ಕಳುಹಿಸಿದ ಮಗು ಮತ್ತೆ ಬಂದಿತೇ ಎಂದು ವಿಚಾರಿಸುವುದು ಅದಕ್ಕಿಂತ ದೊಡ್ಡ ಪಾಠ.

ಬೊಂಬೆಯಿಂದ ಎಷ್ಟು ಕಲಿಯಬಹುದು?

ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ 1960ರಲ್ಲಿ ‘ರಿಸಸಿ ಆನ್’ ಎಂಬ ಬೊಂಬೆಯನ್ನು ತಯಾರಿಸಿದಂದಿನಿಂದ ಜೀವರಕ್ಷಣೆಯ ಅಭ್ಯಾಸ ಮನುಷ್ಯರ ಮೇಲಿನ ಪ್ರಯೋಗದಿಂದ ಮುಕ್ತವಾಗುತ್ತ ಬಂದಿದೆ. ಮಕ್ಕಳ ವಿಷಯದಲ್ಲಂತೂ ಇದು ನೈತಿಕ ಅಗತ್ಯ. ಅಪರೂಪಕ್ಕೆ ಬರುವ ಅಪಾಯವನ್ನು ಪ್ರತಿ ವಿದ್ಯಾರ್ಥಿಯ ಎದುರಿಗೂ ತಂದು ನಿಲ್ಲಿಸಲು ಬೇರೆ ದಾರಿಯೂ ಇಲ್ಲ.

ಆದರೆ ಬೊಂಬೆ ಕೊಂಡ ಮಾತ್ರಕ್ಕೆ ಕಲಿಕೆ ಆಗದು. ಅರ್ಧ ಗಂಟೆಯ ದೃಶ್ಯವನ್ನು ನಡೆಸಿ, ಕೊನೆಯಲ್ಲಿ ಎಲ್ಲರನ್ನೂ ಕೂರಿಸಿ ತಪ್ಪುಗಳನ್ನು ಪಟ್ಟಿ ಮಾಡುವ ಕ್ರಮ ಅನೇಕ ಕಡೆ ಇದೆ. ತಪ್ಪನ್ನು ಸರಿಪಡಿಸಿ ಮತ್ತೆ ಮಾಡಲು ಅವಕಾಶವೇ ಸಿಗುವುದಿಲ್ಲ. ಜಾನ್ಸ್ ಹಾಪ್ಕಿನ್ಸ್‌ನ ಎಲಿಜಬೆತ್ ಹಂಟ್ ಮತ್ತು ಸಂಗಡಿಗರು 2014ರಲ್ಲಿ ವಿವರಿಸಿದ ಕ್ರಮದಲ್ಲಿ ತಪ್ಪಾದ ಕ್ಷಣವೇ ಗುರು ತಡೆಯುತ್ತಾರೆ, ಒಂದೆರಡು ಮಾತಿನಲ್ಲಿ ತಿದ್ದುತ್ತಾರೆ, ಸ್ವಲ್ಪ ಹಿಂದಿನಿಂದ ಮತ್ತೆ ಆರಂಭಿಸುತ್ತಾರೆ. ಸರಿಯಾಗುವ ತನಕ ಇದು ನಡೆಯುತ್ತದೆ. ಮಗುವಿನ ನಾಡಿ ಸಿಗದಿದ್ದಾಗ ಎದೆ ಒತ್ತಲು ತೊಡಗಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದೇ ಅಲ್ಲಿ ಎಣಿಕೆಗೆ ಬರುವುದು.

ಕಲಿತದ್ದು ಉಳಿಯುವುದೂ ಸಮಸ್ಯೆಯೇ. ಜೀವರಕ್ಷಣೆಯ ಕೌಶಲ ತರಬೇತಿಯಾದ ಕೆಲವೇ ತಿಂಗಳಲ್ಲಿ ಮಸುಕಾಗತೊಡಗುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಮರಳಿ ಮರಳಿ ಕಂಡ ಸಂಗತಿ. ಎರಡು ವರ್ಷಕ್ಕೊಮ್ಮೆ ಎರಡು ದಿನದ ಕೋರ್ಸ್ ಮಾಡಿ ಪ್ರಮಾಣಪತ್ರ ಹಂಚುವುದಕ್ಕಿಂತ, ವಾರ್ಡಿನ ಮೂಲೆಯಲ್ಲಿ ಬೊಂಬೆ ಇಟ್ಟು ಆಗಾಗ ಹತ್ತು ನಿಮಿಷ ಅಭ್ಯಾಸ ಮಾಡಿಸುವುದು ಉಪಯುಕ್ತ. ಬೊಂಬೆಗೆ ಒಂದು ಮಿತಿಯೂ ಇದೆ. ಅದರ ಚರ್ಮ ಬಿಳಿಚಿಕೊಳ್ಳುವುದಿಲ್ಲ, ತಾಯಿಯ ಕಡೆ ಕೈ ಚಾಚುವುದಿಲ್ಲ. ಚಹರೆ ಓದುವುದನ್ನು ಬೊಂಬೆಯಿಂದ ಕಲಿಯಲಾಗದು. ಅದಕ್ಕೆ ನಿಜವಾದ ಮಕ್ಕಳೇ ಬೇಕು, ಪೋಷಕರ ಒಪ್ಪಿಗೆ ಪಡೆದು ಚಿತ್ರಿಸಿದ ವಿಡಿಯೊಗಳಾದರೂ ಬೇಕು.

ಕೋಣೆಯೊಳಗೆ ವಿದ್ಯಾರ್ಥಿಗೊಂದು ಜಾಗ

ಗಂಭೀರ ಸ್ಥಿತಿಯ ಮಗು ಬಂದಾಗ ವಿದ್ಯಾರ್ಥಿಯನ್ನು ಹೊರಗಿಡುವುದು ಸಾಮಾನ್ಯವಾಗಿ ಮಗುವಿನ ಸುರಕ್ಷತೆಗೆಂದೇ. ಜನಜಂಗುಳಿ ಯಾರಿಗೂ ಒಳ್ಳೆಯದಲ್ಲ. ಆದರೆ ಹೆಸರಿಟ್ಟು ಒಪ್ಪಿಸಿದ ಕೆಲಸವಿದ್ದರೆ ವಿದ್ಯಾರ್ಥಿ ಅಡ್ಡಿಯಾಗುವುದಿಲ್ಲ. ಮಗುವಿನ ಉದ್ದ ಅಳೆದು ತೂಕ ಹೇಳುವುದು, ಕೊಟ್ಟ ಔಷಧಿ ಮತ್ತು ಹೊತ್ತನ್ನು ಬರೆಯುವುದು, ಎರಡು ನಿಮಿಷಕ್ಕೊಮ್ಮೆ ಸಮಯ ಕೂಗುವುದು, ಎದೆ ಒತ್ತುವ ಸರದಿಯಲ್ಲಿ ನಿಲ್ಲುವುದು. ಶಿಶುವಿನ ಎದೆಯನ್ನು ಅದರ ದಪ್ಪದ ಮೂರನೇ ಒಂದು ಭಾಗದಷ್ಟು, ಅಂದರೆ ಸುಮಾರು 4 ಸೆಂಟಿಮೀಟರ್ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ. ಅಷ್ಟು ಆಳ ಒತ್ತಲು ಹೊಸಬರ ಕೈ ಹಿಂಜರಿಯುತ್ತದೆ. ಆ ಹಿಂಜರಿಕೆ ಒಬ್ಬಂಟಿ ರಾತ್ರಿಯಲ್ಲಿ ಮೊದಲ ಬಾರಿಗೆ ಎದುರಾಗಬಾರದು.

ಇನ್ನೊಂದು ಕೆಲಸವನ್ನು ವಿದ್ಯಾರ್ಥಿಯಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು. ತುರ್ತು ವಿಭಾಗದಲ್ಲಿ ಕೂತು ಕೇಳಲು ಬಿಡುವಿರುವುದು ಅವನಿಗೆ, ಅವಳಿಗೆ. ‘ಇವನು ಎಂದೂ ಹೀಗಿರುವವನಲ್ಲ’ ಎಂದು ತಾಯಿ ಹೇಳುವ ಮಾತು ಯಾವ ಮಾನಿಟರಿನಲ್ಲೂ ಮೂಡುವುದಿಲ್ಲ. ಇಂಗ್ಲೆಂಡಿನಲ್ಲಿ 2021ರಲ್ಲಿ ಮಾರ್ಥಾ ಎಂಬ 13 ವರ್ಷದ ಹುಡುಗಿ ಆಸ್ಪತ್ರೆಯಲ್ಲಿದ್ದಾಗಲೇ ಸೆಪ್ಸಿಸ್‌ನಿಂದ, ಅಂದರೆ ಸೋಂಕಿಗೆ ದೇಹವೇ ಹದ್ದುಮೀರಿ ಪ್ರತಿಕ್ರಿಯಿಸಿ ಅಂಗಾಂಗಗಳು ಸೋಲುವ ಸ್ಥಿತಿಯಿಂದ, ತೀರಿಕೊಂಡಳು. ಮನೆಯವರು ಆತಂಕ ತೋಡಿಕೊಂಡಿದ್ದರೂ ಅದಕ್ಕೆ ತಕ್ಕ ಸ್ಪಂದನೆ ಸಿಗಲಿಲ್ಲ. ಇನ್ನೂ ಮೊದಲೇ ತೀವ್ರ ನಿಗಾ ಘಟಕಕ್ಕೆ ಸೇರಿಸಿದ್ದರೆ ಆಕೆ ಬದುಕುವ ಸಂಭವವೇ ಹೆಚ್ಚಾಗಿತ್ತು ಎಂದು ಸಾವಿನ ವಿಚಾರಣೆಯಲ್ಲಿ ತೀರ್ಮಾನವಾಯಿತು. ಪೋಷಕರೇ ಬೇರೊಂದು ವೈದ್ಯ ತಂಡದ ತುರ್ತು ಪರಿಶೀಲನೆ ಕೇಳಬಹುದಾದ ‘ಮಾರ್ಥಾಸ್ ರೂಲ್’ 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಜಾರಿಗೆ ಬರತೊಡಗಿತು.

ತಾಯಿಯ ಮಾತು ಕೇಳಿಸಿಕೊಂಡ ವಿದ್ಯಾರ್ಥಿನಿಗೆ ಅದನ್ನು ಹಿರಿಯರ ಮುಂದೆ ಹೇಳುವ ಧೈರ್ಯವೂ ಬೇಕಲ್ಲ. ‘ಸರ್, ಮೂರನೇ ಹಾಸಿಗೆಯ ಮಗು ತಾಯಿಯನ್ನು ಗುರುತಿಸುತ್ತಿಲ್ಲ, ಕೈಕಾಲು ತಣ್ಣಗಿವೆ, ನೀವು ಈಗಲೇ ಬಂದು ನೋಡಬೇಕು.’ ಇಷ್ಟು ಹೇಳಲು ಕೆಲವು ಸೆಕೆಂಡು ಸಾಕು, ಆದರೆ ಬೈಸಿಕೊಂಡ ನೆನಪಿದ್ದರೆ ಬಾಯಿ ಕಟ್ಟುತ್ತದೆ. ಹತ್ತು ಸಲ ಸುಳ್ಳು ಎಚ್ಚರಿಕೆ ಕೊಟ್ಟರೂ ಹನ್ನೊಂದನೆಯ ಸಲ ಎದ್ದು ಹೋಗಿ ನೋಡುವ ಹಿರಿಯರಿರುವ ವಿಭಾಗದಲ್ಲಿ ಮಾತ್ರ ಈ ಧೈರ್ಯ ಬೆಳೆಯುತ್ತದೆ. ಕರೆದದ್ದಕ್ಕೆ ಗದರಿಸುವವರನ್ನು ಶಿಸ್ತಿನ ಗುರುಗಳೆಂದು ಗೌರವಿಸುವುದನ್ನು ನಾವು ಬಿಡಬೇಕು.

ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟ 2014ರಲ್ಲಿ, ಪದವಿ ಪಡೆದವರು ವಿಶೇಷ ತರಬೇತಿಯ ಮೊದಲ ದಿನದಿಂದಲೇ ನಂಬಿಕೆಯಿಂದ ಮಾಡಬಲ್ಲಂಥ 13 ಕೆಲಸಗಳನ್ನು ಪಟ್ಟಿ ಮಾಡಿತು. ತುರ್ತು ಆರೈಕೆ ಬೇಕಿರುವ ರೋಗಿಯನ್ನು ಗುರುತಿಸಿ ಚಿಕಿತ್ಸೆ ಆರಂಭಿಸುವುದು ಅವುಗಳಲ್ಲಿ ಹತ್ತನೆಯದು. ನೆದರ್ಲೆಂಡ್ಸಿನ ಓಲೆ ಟೆನ್ ಕಾಟೆ 2005ರಲ್ಲಿ ಮುಂದಿಟ್ಟ ವಿಚಾರದ ಫಲ ಇದು: ವಿದ್ಯಾರ್ಥಿಗೆ ಎಷ್ಟು ಗೊತ್ತು ಎಂದು ಕೇಳುವ ಬದಲು, ಯಾವ ಕೆಲಸವನ್ನು ಎಷ್ಟರ ಮಟ್ಟಿಗೆ ಅವನಿಗೆ ಒಪ್ಪಿಸಬಹುದು ಎಂದು ಕೇಳುವುದು. ಮಕ್ಕಳ ತುರ್ತು ಚಿಕಿತ್ಸೆಯ ಪರೀಕ್ಷೆಗೆ ಇದನ್ನು ತಂದರೆ ಅದರ ಸ್ವರೂಪವೇ ಬದಲಾಗುತ್ತದೆ. ಮಕ್ಕಳ ವಿಡಿಯೊಗಳನ್ನು ಒಂದರ ಹಿಂದೊಂದು ತೋರಿಸಿ ಯಾವ ಮಗುವನ್ನು ಮೊದಲು ನೋಡುತ್ತೀರಿ, ಏಕೆ ಎಂದು ಕೇಳಬಹುದು. ಫೋನಿನಲ್ಲಿ ಹಿರಿಯರಿಗೆ ವರದಿ ಒಪ್ಪಿಸುವಂತೆ ಹೇಳಿ ಅಂಕ ಕೊಡಬಹುದು. ಬಹು ಆಯ್ಕೆಯ ಪ್ರಶ್ನೆಗಳಿಗಿಂತ ಇದಕ್ಕೆ ಹೆಚ್ಚು ಪರೀಕ್ಷಕರು, ಹೆಚ್ಚು ಸಮಯ ಬೇಕು ಎಂಬುದು ನಿಜ. ಪರೀಕ್ಷೆಯಲ್ಲಿ ಕೇಳದ್ದನ್ನು ವಿದ್ಯಾರ್ಥಿ ಕಲಿಯುವುದಿಲ್ಲ ಎಂಬುದೂ ಅಷ್ಟೇ ನಿಜ.

ಕೊನೆಯದಾಗಿ, ಎಲ್ಲ ಪ್ರಯತ್ನದ ನಂತರವೂ ಕೆಲವು ಮಕ್ಕಳು ಉಳಿಯುವುದಿಲ್ಲ. ಆ ಹೊತ್ತಿನಲ್ಲಿ ಪೋಷಕರಿಗೆ ಕೋಣೆಯೊಳಗೆ ಇರುವ ಆಯ್ಕೆ ಕೊಡಬೇಕು ಎಂದು ಜೀವರಕ್ಷಣೆಯ ಮಾರ್ಗಸೂಚಿಗಳು ಹೇಳುತ್ತವೆ. ಅವರ ಪಕ್ಕದಲ್ಲಿ ನಿಂತು ನಡೆಯುತ್ತಿರುವುದನ್ನು ಸರಳವಾಗಿ ವಿವರಿಸುವ ಹಿರಿಯರನ್ನು ವಿದ್ಯಾರ್ಥಿ ನೋಡಬೇಕು. ಆಮೇಲೆ ತಂಡದವರು ಕೆಲವು ನಿಮಿಷ ಒಟ್ಟಿಗೆ ಕುಳಿತು ಏನಾಯಿತು, ಯಾವುದು ಸರಿಹೋಯಿತು, ಯಾವುದು ತಡವಾಯಿತು ಎಂದು ಮಾತಾಡಿಕೊಳ್ಳುವಾಗ ವಿದ್ಯಾರ್ಥಿಗೂ ಅಲ್ಲಿ ಕುರ್ಚಿ ಇರಬೇಕು. ಜೀವನದಲ್ಲಿ ಮೊದಲ ಬಾರಿಗೆ ಮಗುವಿನ ಸಾವನ್ನು ಕಂಡವರು ಮರುದಿನ ಬೆಳಿಗ್ಗೆ ಯಾವ ಮಾತೂ ಇಲ್ಲದೆ ತರಗತಿಗೆ ಹಾಜರಾಗಬೇಕಾದ ಪರಿಸ್ಥಿತಿ ಇಂದು ಸಾಮಾನ್ಯ. ವಾರದೊಳಗೆ ಅವರನ್ನು ಕರೆದು ಮಾತನಾಡಿಸುವ ಹೊಣೆ ಯಾರದು ಎಂಬುದನ್ನು ಪೋಸ್ಟಿಂಗಿನ ವೇಳಾಪಟ್ಟಿಯಲ್ಲೇ ಹೆಸರು ಸಮೇತ ಬರೆದಿಡುವುದು ವಿಭಾಗದ ಮುಖ್ಯಸ್ಥರ ಕೆಲಸ.